ಕೃತಕ ಮೊಣಕಾಲಿಗೆ ಸೋಂಕು ತಗುಲಿದರೆ ಬರೀ ಮಾತ್ರೆಯಲ್ಲಿ ವಾಸಿ ಆಗಲ್ವಾ?

ನೀವು ಬರೆದಿರುವುದು ಇಷ್ಟು: ಅವ್ವನಿಗೆ ಮೊಣಕಾಲು ಬದಲಿಸಿ ಎರಡು ವರ್ಷ ಆಯ್ತು. ಕೆಲವು ತಿಂಗಳಿಂದ ನೋವು, ಬಾವು. ಹೊಲಿಗೆ ಹಾಕಿದ್ದ ಜಾಗದಲ್ಲಿ ಆಗಾಗ ಕೀವು ಒಸರುತ್ತದೆ. ಹಾವೇರಿಯಲ್ಲಿ ಕೊಟ್ಟ ಆಂಟಿಬಯೋಟಿಕ್ ತಗೊಂಡಷ್ಟು ದಿನ ಕಡಿಮೆ, ಬಿಟ್ಟರೆ ಮತ್ತೆ ಅದೇ ಕಥೆ. ಈಗ ಹುಬ್ಬಳ್ಳಿಯ ಎಲುಬಿನ ಡಾಕ್ಟರು ಇಂಪ್ಲಾಂಟ್, ಅಂದರೆ ಒಳಗೆ ಕೂರಿಸಿದ ಕೃತಕ ಕೀಲು, ತೆಗೆಯಬೇಕು, ಎರಡು ಸಲ ಆಪರೇಷನ್ ಆಗಬೇಕು ಅಂದಿದ್ದಾರೆ. ಇದಕ್ಕಿಂತ ಜೋರಾದ ಔಷಧ ಇಲ್ವಾ ಅಂತ ಕೇಳಿದ್ದೀರಿ.

ನಾನು ಸರ್ಜನ್ ಅಲ್ಲ. ಹುಬ್ಬಳ್ಳಿಯ ಒಂದು ಲ್ಯಾಬಿನಲ್ಲಿ ಮೈಕ್ರೋಬಯಾಲಜಿ ಕೆಲಸ ನನ್ನದು. ಇಂಥ ಮೊಣಕಾಲಿನಿಂದ ತೆಗೆದ ನೀರು, ಕೀವು, ಮಾಂಸದ ಚೂರು ಕೊನೆಗೆ ಬರುವುದು ನನ್ನ ಮೇಜಿಗೇ. ಆ ಕಡೆಯಿಂದ ಕಂಡದ್ದನ್ನು ಹೇಳುತ್ತೇನೆ.

ನಮ್ಮ ಊರಲ್ಲಿ ನಳಕ್ಕೆ ದಿನಾ ನೀರು ಬರಲ್ಲ, ಹಾಗಾಗಿ ಎಲ್ಲರ ಮನೆಯಲ್ಲೂ ಡ್ರಮ್ಮು, ಟಾಕಿ ಇರುತ್ತವೆ. ಡ್ರಮ್ಮಿನ ಒಳಗೆ ಬೆರಳಾಡಿಸಿದರೆ ಜಾರುವ ಲೋಳೆ ಸಿಗುತ್ತದಲ್ಲ, ಅದೇ ಬಯೋಫಿಲ್ಮ್. ಬ್ಲೀಚಿಂಗ್ ಪುಡಿ ಹಾಕಿದರೆ ನೀರಿನಲ್ಲಿ ತೇಲುವ ಬ್ಯಾಕ್ಟೀರಿಯಾ ಸಾಯುತ್ತವೆ. ಲೋಳೆ ಹೋಗಬೇಕಾದರೆ ತಿಕ್ಕಲೇಬೇಕು. ನಿಮ್ಮ ತಾಯಿಯ ಮೊಣಕಾಲಿನ ಲೋಹದ ಮೇಲೂ ಕೂತಿರುವುದು ಇಂಥದ್ದೇ. ಮಾತ್ರೆ ತಗೊಂಡಾಗ ಲೋಳೆಯಿಂದ ಕಳಚಿ ಹೊರಗೆ ಬಂದವು ಸಾಯುತ್ತವೆ, ನೋವು ಇಳಿಯುತ್ತದೆ. ಒಳಗಿನವು ಹಾಗೇ ಉಳಿದು, ಮಾತ್ರೆ ನಿಂತ ಮೇಲೆ ಮತ್ತೆ ಹೊರಬೀಳುತ್ತವೆ.

ಲೋಹಕ್ಕೂ ಪ್ಲಾಸ್ಟಿಕ್ಕಿಗೂ ರಕ್ತದ ಓಡಾಟ ಇಲ್ಲ. ಅಲ್ಲಿ ಅಂಟಿಕೊಂಡ ಬ್ಯಾಕ್ಟೀರಿಯಾ ಸಕ್ಕರೆಯಂಥ ಪದಾರ್ಥ, ಪ್ರೋಟೀನು, ಸತ್ತ ಜೊತೆಗಾರರ ಡಿಎನ್ಎ ಎಲ್ಲ ಸೇರಿಸಿ ತಮ್ಮ ಸುತ್ತ ಅಂಟು ಕಟ್ಟಿಕೊಳ್ಳುತ್ತವೆ. ಬಿಳಿ ರಕ್ತಕಣಗಳಿಗೆ ಅದನ್ನು ನುಂಗೋಕೆ ಆಗಲ್ಲ. ತಳದಲ್ಲಿರುವವು ಬೆಳೆಯುವುದನ್ನೇ ನಿಲ್ಲಿಸಿ ಸುಮ್ನೆ ಮಲಗಿಬಿಡುತ್ತವೆ. ಹೆಚ್ಚಿನ ಆಂಟಿಬಯೋಟಿಕ್‌ಗಳು ಹೊಡೆಯುವುದು ಬೆಳೆಯುತ್ತಿರುವ ಬ್ಯಾಕ್ಟೀರಿಯಾವನ್ನು. ಬಯೋಫಿಲ್ಮ್‌ನಲ್ಲಿರುವವನ್ನು ಕೊಲ್ಲಲು 100ರಿಂದ 1,000 ಪಟ್ಟು ಜಾಸ್ತಿ ಔಷಧ ಬೇಕಾಗಬಹುದು. ಅಷ್ಟನ್ನು ಮೈಗೆ ಕೊಟ್ಟರೆ ಮೊದಲು ಕಿಡ್ನಿ ಹೋಗುತ್ತದೆ.

ಇದನ್ನು ಮಾಡುವುದು ಭಯಂಕರ ಬ್ಯಾಕ್ಟೀರಿಯಾನೇ ಆಗಬೇಕಿಲ್ಲ. ಸ್ಟ್ಯಾಫಿಲೋಕಾಕಸ್ ಎಪಿಡರ್ಮಿಡಿಸ್ ನಿಮ್ಮ ಚರ್ಮದ ಮೇಲೂ ಇದೆ, ನನ್ನ ಚರ್ಮದ ಮೇಲೂ ಇದೆ. ಇಂಪ್ಲಾಂಟ್ ಸಿಕ್ಕರೆ ಮಾತ್ರ ಅದರ ವರಸೆ ಬೇರೆ.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ: ಮಾದರಿ ಮೊದಲು, ಮಾತ್ರೆ ಆಮೇಲೆ. ನಮ್ಮ ಕಡೆ ಇದು ತಿರುಗಾಮುರುಗಾ ಆಗುತ್ತದೆ. ಎರಡು ಮೂರು ಥರದ ಆಂಟಿಬಯೋಟಿಕ್ ನುಂಗಿ ಆದ ಮೇಲೆ ಮೊಣಕಾಲಿನ ನೀರು ಲ್ಯಾಬಿಗೆ ಬರುತ್ತದೆ. ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪ್ಲೇಟಿನಲ್ಲಿ ಏನೂ ಬೆಳೆಯಲ್ಲ, 'ನೋ ಗ್ರೋತ್' ಅಂತ ರಿಪೋರ್ಟ್ ಹೋಗುತ್ತದೆ. ಮನೆಯವರು ಸೋಂಕೇ ಇಲ್ಲ ಅಂದುಕೊಳ್ಳುತ್ತಾರೆ. ಜ್ವರ ಇಲ್ಲದಿದ್ದರೆ, ಡಾಕ್ಟರು ಒಪ್ಪಿದರೆ, ಕನಿಷ್ಠ ಎರಡು ವಾರ ಆಂಟಿಬಯೋಟಿಕ್ ನಿಲ್ಲಿಸಿ ಆಮೇಲೆ ಕೀಲಿನ ನೀರು ತೆಗೆಸುವುದು ಒಳ್ಳೆಯದು. ಹೊರಗೆ ಒಸರುವ ಕೀವನ್ನು ಹತ್ತಿಯಲ್ಲಿ ಒರೆಸಿ ಕಳಿಸಿದರೆ ಚರ್ಮದ ಮೇಲಿನದೇ ಬೆಳೆದು ದಾರಿ ತಪ್ಪಿಸುತ್ತದೆ. ಆಪರೇಷನ್ ಹೊತ್ತಿನಲ್ಲಿ ಬೇರೆ ಬೇರೆ ಜಾಗದಿಂದ ಐದಾರು ಚೂರು ಕಳಿಸಲಿ. ಪ್ಲೇಟುಗಳನ್ನು 14 ದಿನ ಇಡೋಕೆ ಹೇಳಲಿ, ಕೆಲವು ಬ್ಯಾಕ್ಟೀರಿಯಾ ಬಹಳ ನಿಧಾನ. ಒಂದು ಚೂರು ಟಿಬಿ ಪರೀಕ್ಷೆಗೂ ಹೋಗಲಿ. ಕೀಲಿನ ಟಿಬಿ ನಮ್ಮಲ್ಲಿ ಅಪರೂಪವೇನಲ್ಲ, ನೋಡಲು ಹೀಗೇ ಇರುತ್ತದೆ.

ಎರಡು ಆಪರೇಷನ್ ಅಂದಾಗ ಹೆದರಿಕೆ ಆಗುವುದು ಸಹಜ. ಆದರೆ ಡಾಕ್ಟರು ಹೇಳಿದ್ದು ಹೊಸದೇನಲ್ಲ, ಎಲ್ಲೆಡೆ ನಡೆಯುವ ಪದ್ಧತಿ. ಮೊದಲ ಸಲ ಇಂಪ್ಲಾಂಟ್ ತೆಗೆದು, ಕೆಟ್ಟ ಮಾಂಸ ಕೆರೆದು, ಆಂಟಿಬಯೋಟಿಕ್ ಬೆರೆಸಿದ ಬೋನ್ ಸಿಮೆಂಟಿನ ಸ್ಪೇಸರ್, ಅಂದರೆ ಕೀಲಿನ ಜಾಗ ಹಿಡಿದಿಡುವ ತಾತ್ಕಾಲಿಕ ತುಂಡು, ಇಡುತ್ತಾರೆ. ಅದರಿಂದ ಔಷಧ ಆ ಜಾಗಕ್ಕೇ ಇಳಿಯುತ್ತದೆ, ಸೂಜಿಯಲ್ಲಿ ಕೊಡಲಾಗದಷ್ಟು ಪ್ರಮಾಣದಲ್ಲಿ. ಜೊತೆಗೆ ಸಾಮಾನ್ಯವಾಗಿ ಆರು ವಾರದಷ್ಟು ಔಷಧ. ಆಮೇಲೆ ಹೊಸ ಮೊಣಕಾಲು. ನಡುವಿನ ದಿನಗಳು ಕಷ್ಟ, ವಾಕರ್ ಬೇಕಾಗುತ್ತದೆ. ಒಂದೇ ಸಲದಲ್ಲಿ ತೆಗೆದು ಹಾಕುವುದೂ ಇದೆ, ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 1970ರ ದಶಕದಿಂದ ಮಾಡುತ್ತಾ ಬಂದಿದ್ದಾರೆ. ಅದಕ್ಕೆ ಯಾವ ಬ್ಯಾಕ್ಟೀರಿಯಾ ಅಂತ ಮೊದಲೇ ಗೊತ್ತಿದ್ದರೆ ಅನುಕೂಲ. ಅಂದರೆ ಮತ್ತೆ ಅದೇ ಮಾದರಿ. ಇನ್ನು ಇಂಪ್ಲಾಂಟ್ ಉಳಿಸಿಕೊಂಡು ಬರೀ ತೊಳೆದು, ನಡುವಿನ ಪ್ಲಾಸ್ಟಿಕ್ ಬದಲಿಸುವ ದಾರಿ ಹೆಚ್ಚಾಗಿ ಫಲಿಸುವುದು ಸೋಂಕು ಶುರುವಾದ ಮೂರ್ನಾಲ್ಕು ವಾರದೊಳಗೆ. ನಿಮಗೆ ಆ ಹೊತ್ತು ದಾಟಿದೆ.

ಬಯೋಫಿಲ್ಮ್‌ಗೆ ತಕ್ಕಮಟ್ಟಿಗೆ ನುಗ್ಗುವ ಒಂದು ಮಾತ್ರೆ ಇದೆ, ರಿಫಾಂಪಿಸಿನ್. ಹೌದು, ಟಿಬಿಗೆ ಕೊಡುವುದೇ. ಸ್ಟ್ಯಾಫಿಲೋಕಾಕಸ್ ಸೋಂಕಿನಲ್ಲಿ ಕೆರೆದು ತೊಳೆದ ಮೇಲೆ ಇನ್ನೊಂದು ಔಷಧದ ಜೊತೆ ಕೊಡುತ್ತಾರೆ. ಒಂಟಿಯಾಗಿ ಕೊಟ್ಟರೆ ಕೆಲವೇ ದಿನಗಳಲ್ಲಿ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗದಂತಾಗುತ್ತದೆ. ರಕ್ತ ತೆಳು ಮಾಡುವ ಮಾತ್ರೆ, ಶುಗರ್ ಮಾತ್ರೆಗಳ ಜೊತೆಗೂ ಅದರದ್ದು ಜಗಳ. ಮೆಡಿಕಲ್ ಶಾಪಿನಲ್ಲಿ ಕೇಳಿ ತಗೋಬೇಡಿ.

ಬ್ಯಾಕ್ಟೀರಿಯಾ ತಿನ್ನುವ ವೈರಸ್ ಬಗ್ಗೆಯೂ ಕೇಳಿದ್ದೀರಿ. ಫೇಜ್ ಅಂತಾರೆ. ಫೆಲಿಕ್ಸ್ ದ'ಹೆರೆಲ್ ಅನ್ನುವ ವಿಜ್ಞಾನಿ 1917ರಲ್ಲೇ ಇದನ್ನು ವಿವರಿಸಿದ್ದ. ಕೆಲವು ಫೇಜ್‌ಗಳು ಲೋಳೆ ಕರಗಿಸುವ ಎನ್‌ಜೈಮ್ ಹೊತ್ತಿರುತ್ತವೆ, ಹಾಗಾಗಿ ಆಸೆ ಇದೆ. ಆದರೆ ಒಬ್ಬೊಬ್ಬರ ಬ್ಯಾಕ್ಟೀರಿಯಾಗೆ ಹೊಂದುವ ಫೇಜ್ ಹುಡುಕಬೇಕು, ಆಪರೇಷನ್ ಕೂಡ ತಪ್ಪಲ್ಲ. ವಾಟ್ಸಾಪ್ ನೋಡಿಕೊಂಡು, ಫೇಜ್ ಚಿಕಿತ್ಸೆ ಕೊಡುವ ಜಾರ್ಜಿಯಾ ದೇಶಕ್ಕೆ ಟಿಕೆಟ್ ಮಾಡಿಸಬೇಡಿ.

ಡಾಕ್ಟರ ಹತ್ತಿರ ಹೋಗುವಾಗ ಮೊದಲ ಆಪರೇಷನ್ನಿನ ಡಿಸ್ಚಾರ್ಜ್ ಕಾರ್ಡು, ಅದರಲ್ಲಿ ಅಂಟಿಸಿರುವ ಇಂಪ್ಲಾಂಟ್ ಸ್ಟಿಕ್ಕರ್, ಇದುವರೆಗೆ ತಗೊಂಡ ಆಂಟಿಬಯೋಟಿಕ್‌ಗಳ ಹೆಸರು ಮತ್ತು ತಾರೀಕು ಒಯ್ಯಿರಿ. ಶುಗರ್ ಇದ್ದರೆ ಆಪರೇಷನ್ನಿಗೆ ಮುಂಚೆ ಹತೋಟಿಗೆ ಬರಲಿ, ಹುಳುಕು ಹಲ್ಲು ಇದ್ದರೆ ತೋರಿಸಿ. ಈ ನಡುವೆ ಚಳಿ ಜ್ವರ ಬಂದರೆ, ಕಾಲು ಕೆಂಪಗಾಗಿ ಬಿಸಿಯಾದರೆ, ಅವ್ವ ಮಂಕಾದರೆ, ಎರಡು ವಾರದ ಲೆಕ್ಕ ಬಿಟ್ಟು ಅವತ್ತೇ ಆಸ್ಪತ್ರೆಗೆ ಕರಕೊಂಡು ಹೋಗಿ.