ಓದುಗರ ಪ್ರಶ್ನೆ: ಒಂದ ಚಾರ್ಜ್, ಇಷ್ಟ್ಯಾಕ ಅರ್ಥ?

ಪ್ರಶ್ನೆ: ಸರ್, ನನ್ ಮಗಳು ಫಸ್ಟ್ ಪಿಯುಸಿ, ಹತ್ತನೇತನಕ ಕನ್ನಡ ಮೀಡಿಯಂ ಓದ್ಯಾಳ. ಮೊಬೈಲ್ ಚಾರ್ಜ್, ಬಸ್ ಚಾರ್ಜ್, ಲಾಠಿ ಚಾರ್ಜ್, ಚಾರ್ಜ್ ಶೀಟ್, ಇನ್‌ಚಾರ್ಜ್ ಹೆಡ್‌ಮಾಸ್ಟರ್, ಎಲ್ಲಾದಕ್ಕೂ ಒಂದ ಪದ ಹ್ಯಾಂಗ ಅಂತ ಕೇಳ್ತಾಳ, ನನಗ ಹೇಳಾಕ ಬರವಲ್ದು. ಎಲ್ಲಾ ಬಾಯಿಪಾಠ ಮಾಡಿಸ್ಬೇಕೇನ್ರಿ?
– ಒಬ್ಬ ತಾಯಿ, ಸಿಂಧನೂರು ತಾಲೂಕು, ರಾಯಚೂರು ಜಿಲ್ಲೆ

ಉತ್ತರ: ಬಾಯಿಪಾಠ ಬ್ಯಾಡ್ರಿ ಅಕ್ಕಾರ. ನಿಮ್ಮೂರಾಗ ನೆಲ್ಲಿನ ಚೀಲ ಬಂಡಿಗೆ ಹೇರೋದು ಆಕಿ ನೋಡೇ ನೋಡಿರ್ತಾಳ, ಅದನ್ನ ಹಿಡ್ಕೊಂಡ್ ಹೇಳ್ರಿ. ಲ್ಯಾಟಿನ್ನಿನಾಗ ಕಾರ್ರುಸ್ ಅಂದ್ರ ಬಂಡಿ, ಅದರಿಂದ ಬಂಡಿಗೆ ಹೇರು ಅನ್ನೋ ಪದ ಬಂತು, ಅದು ಹಳೇ ಫ್ರೆಂಚ್ ಹಾದು ಇಂಗ್ಲಿಷಿಗೆ ಬರೋದ್ರಾಗ ಚಾರ್ಜ್ ಆತು. ಕಾರು, ಕ್ಯಾರಿ, ಕಾರ್ಗೋ ಸೈತ ಅದರಿಂದನ ಹುಟ್ಟಿದವು.

ಈಗ ನಮ್ ಮಾತ ನೋಡ್ರಿ. ತೆರಿಗೆ ಹೇರಿದ್ರು ಅಂತೀವಿ, ಆರೋಪ ಹೊರಿಸಿದ್ರು ಅಂತೀವಿ, ಜವಾಬ್ದಾರಿ ಹೊತ್ತಾನ ಅಂತೀವಿ. ರೊಕ್ಕ, ಕೇಸು, ಹುದ್ದೆ ಮೂರೂ ಹೊರೆನ. ಇನ್‌ಚಾರ್ಜ್‌ಗೆ ಆಫೀಸಿನವ್ರು ಪ್ರಭಾರ ಅಂತ ಬರೀತಾರಲ್ಲ, ಅದರಾಗೂ ಭಾರ ಕುಂತೈತಿ! ನನಗಂತೂ ಇದು ಭಾಳ ಖುಷಿ ಕೊಡೋ ವಿಷಯ.

ಮೊಬೈಲು, ಲಾಠಿ ಸ್ವಲ್ಪ ಸುತ್ತಿ ಬರ್ತಾವ. ಬಂದೂಕಿಗೆ ಮದ್ದು ತುಂಬೋದಕ್ಕೂ ಚಾರ್ಜ್ ಅಂತಿದ್ರು. 1740ರ ದಶಕದಾಗ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಕರೆಂಟಿನ ಪ್ರಯೋಗ ಮಾಡೋವಾಗ ಗಾಜಿನ ಜಾಡಿಗೆ ವಿದ್ಯುತ್ ತುಂಬೋದಕ್ಕ ಅದ ಪದ ಬಳಸಿದ, ಅಂಥ ಜಾಡಿ ಸಾಲಾಗಿ ಜೋಡಿಸಿದ್ದಕ್ಕ ಬ್ಯಾಟರಿ ಅಂದ, ಬ್ಯಾಟರಿ ಅಂದ್ರ ಆಗ ಫಿರಂಗಿಗಳ ಸಾಲು, ಹಂಗಾಗಿ ನಿಮ್ ಫೋನಿನಾಗಿರೋ ಎರಡೂ ಪದ ಯುದ್ಧದಿಂದ ಬಂದಾವ. ಇನ್ನ ಆಯುಧ ತುಂಬಿ ಸಜ್ಜು ಮಾಡ್ಕೊಳ್ಳೋ ಅರ್ಥನ ಮುಂದ ಮೈಮ್ಯಾಲೆ ನುಗ್ಗೋದಕ್ಕ ತಿರುಗಿರಬೇಕು, ಲಾಠಿ ಚಾರ್ಜ್ ಅನ್ನೋದು ಆ ಅರ್ಥದ್ದು.

ಪರೀಕ್ಷೆದಾಗ ಹುಡುಗ್ರು ಎಡವೋದು ಚಾರ್ಜಿನ ಅಕ್ಕಪಕ್ಕ ಬರೋ ಸಣ್ಣ ಪದಗಳಾಗ. ಶೀ ಈಸ್ ಇನ್ ಚಾರ್ಜ್ ಆಫ್ ಅಂದ್ರ ಆಕಿ ನೋಡ್ಕೊಳ್ಳಾಕಿ, ನಡುವ ಒಂದ್ ದ ಸೇರಿ ಇನ್ ದ ಚಾರ್ಜ್ ಆಫ್ ಆತಂದ್ರ ಆಕಿನ್ನ ಬ್ಯಾರೆಯವ್ರು ನೋಡ್ಕೊಂತಾರ, ಪೂರಾ ಉಲ್ಟಾ, ಇದನ್ನ ಎರಡ್ ಮೂರು ವಾಕ್ಯ ಬರೆಸಿ ರೂಢಿ ಮಾಡಿಸ್ರಿ. ಕಳವಿನ ಆರೋಪ ಹೊರಿಸಿದ್ರ ಚಾರ್ಜ್ಡ್ ವಿತ್. ಬಸ್ ಚಾರ್ಜ್ ಅಂತ ಸಿಂಧನೂರು ಬಸ್‌ಸ್ಟ್ಯಾಂಡಿನಾಗ ಧಾರಾಳ ಅನ್ಲಿ, ಆನ್ಸರ್ ಪೇಪರಿನಾಗ ಮಾತ್ರ ಬಸ್ ಫೇರ್ ಅಂತ ಬರೀಲಿ.