ರಕ್ತದಲ್ಲಿ ಹುಟ್ಟಿದ ಬಲ ಗಡ್ಡೆಯನ್ನು ಏಕೆ ಮುಟ್ಟುವುದಿಲ್ಲ?

ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ: "ನಮ್ಮ ಭಾವನವರಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ಕ್ಯಾನ್ಸರ್ ಲಸಿಕೆ ಪಡೆದವರ ರಕ್ತದಲ್ಲಿ ರೋಗನಿರೋಧಕ ಕೋಶಗಳು ಹೆಚ್ಚಿದರೂ ಗಡ್ಡೆ ಕರಗುವುದು ಅಪರೂಪವೆಂದು ಓದಿದೆ. ಹೀಗೇಕೆ? ನಾವು ಲಸಿಕೆಗಾಗಿ ಕಾಯಬಹುದೇ?"

ಮೊದಲು ಎರಡನೆಯ ಪ್ರಶ್ನೆ: ದಯವಿಟ್ಟು ಕಾಯಬೇಡಿ. ಕಾರಣ ಮೊದಲನೆಯ ಪ್ರಶ್ನೆಯಲ್ಲೇ ಇದೆ.

ಅದು ವಿಜ್ಞಾನಿಗಳನ್ನೂ ಬಹುಕಾಲ ಕಾಡಿದ ಪ್ರಶ್ನೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಸ್ಟೀವನ್ ರೋಸೆನ್‌ಬರ್ಗ್ ಅವರ ತಂಡ ತಾನು ಲಸಿಕೆ ಕೊಟ್ಟ 440 ರೋಗಿಗಳ ಲೆಕ್ಕವನ್ನು 2004ರಲ್ಲಿ ಮುಂದಿಟ್ಟಿತು. ಗಡ್ಡೆ ಹೇಳಿಕೊಳ್ಳುವಷ್ಟು ಕುಗ್ಗಿದ್ದು ಶೇ 2.6 ಮಂದಿಯಲ್ಲಿ.

ಗಡ್ಡೆ ತನ್ನ ಸುತ್ತ ತನಗೆ ಬೇಕಾದ ಪರಿಸರವನ್ನು ಕಟ್ಟಿಕೊಂಡಿರುತ್ತದೆ. ಮೇದೋಜೀರಕದ ಗಡ್ಡೆಯಲ್ಲಂತೂ ಬಹುಪಾಲು ನಾರೇ, ಮುಟ್ಟಿದರೆ ಗಟ್ಟಿ. ಆ ನಾರು ರಕ್ತನಾಳಗಳನ್ನು ಅದುಮಿ ಹಿಡಿಯುವುದರಿಂದ, ಲಸಿಕೆ ಎಬ್ಬಿಸಿ ಕಳುಹಿಸಿದ ಟಿ-ಕೋಶಗಳೆಂಬ ರೋಗನಿರೋಧಕ ಕೋಶಗಳಲ್ಲಿ ಎಷ್ಟೋ ಅಂಚಿನಲ್ಲೇ ನಿಂತುಬಿಡುತ್ತವೆ. ಒಳಹೊಕ್ಕವುಗಳ ಪಾಡೂ ಸುಖವಲ್ಲ. ಅಲ್ಲಿ ಆಮ್ಲಜನಕ ಕಡಿಮೆ. ಗ್ಲೂಕೋಸನ್ನು ಕ್ಯಾನ್ಸರ್ ಕೋಶಗಳು ಕಬಳಿಸಿ, ಲ್ಯಾಕ್ಟಿಕ್ ಆಮ್ಲವನ್ನು ಹೊರಚೆಲ್ಲಿರುತ್ತವೆ. ಗಡ್ಡೆಯ ಕೋಶದ ಮೇಲಿನ ಪಿಡಿ-ಎಲ್1 ಪ್ರೋಟೀನು ಟಿ-ಕೋಶದ ಪಿಡಿ-1ಕ್ಕೆ ತಾಗಿದರೆ ಬ್ರೇಕ್ ಬಿದ್ದಂತೆ. ನನ್ನನ್ನು ಹೆಚ್ಚು ಕಲಕುವುದು ಮ್ಯಾಕ್ರೋಫೇಜ್‌ಗಳ ಸಂಗತಿ: ಗಾಯ ಮಾಯಲು ನೆರವಾಗುವ ನಮ್ಮವೇ ಕೋಶಗಳು ಅಲ್ಲಿ ಗಡ್ಡೆಯ ಕಾವಲಿಗೆ ನಿಲ್ಲುತ್ತವೆ.

ಆದ್ದರಿಂದ ಈಗ ಹಲವು ಪ್ರಯೋಗಗಳಲ್ಲಿ ಮೊದಲು ಗಡ್ಡೆಯನ್ನು ಕತ್ತರಿಸಿ ತೆಗೆದು, ಉಳಿದಿರಬಹುದಾದ ಬಿಡಿ ಕೋಶಗಳ ಮೇಲೆ ಲಸಿಕೆಯನ್ನು ಬಿಡುತ್ತಾರೆ. ನ್ಯೂಯಾರ್ಕ್‌ನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕೇಂದ್ರದಲ್ಲಿ ವಿನೋದ್ ಬಾಲಚಂದ್ರನ್ ಅವರ ತಂಡ ಮಾಡಿದ್ದು ಇದನ್ನೇ, ಅದೂ ನಿಮ್ಮ ಭಾವನವರಿಗೆ ಬಂದಿರುವ ಅಂಗದ ಕ್ಯಾನ್ಸರಿನಲ್ಲಿ. ಆಯಾ ರೋಗಿಯ ಗಡ್ಡೆಯ ಜೀನ್‌ಗಳಲ್ಲಾದ ರೂಪಾಂತರಗಳನ್ನು ನೋಡಿ ಎಂಆರ್‌ಎನ್‌ಎ ಲಸಿಕೆ ತಯಾರಿಸಿ, ಪಿಡಿ-ಎಲ್1 ತಡೆಯುವ ಔಷಧ ಮತ್ತು ಕೀಮೋಥೆರಪಿಯ ಜೊತೆಗೆ ಕೊಟ್ಟರು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಲಸಿಕೆ ಪಡೆದ 16 ಮಂದಿಯಲ್ಲಿ 8 ಮಂದಿಯ ಟಿ-ಕೋಶಗಳು ಎಚ್ಚೆತ್ತವು. ಅವರಲ್ಲಿ ಕಾಯಿಲೆ ಮರುಕಳಿಸುವುದು ಉಳಿದವರಿಗಿಂತ ತಡವಾಯಿತು. ಸಂಖ್ಯೆ ಚಿಕ್ಕದು, ಆದರೂ ಈ ಕಾಯಿಲೆಯಲ್ಲಿ ಇಂಥ ಸುದ್ದಿ ಬರುವುದೇ ಅಪರೂಪ.

ಗಡ್ಡೆಯನ್ನು ತೆಗೆಯಲು ಸಾಧ್ಯವೇ ಎಂದು ಶಸ್ತ್ರವೈದ್ಯರನ್ನು ಈ ವಾರವೇ ಕೇಳಿ. ಸಾಧ್ಯವೆಂದರೆ ಒಂದು ದಿನವನ್ನೂ ಕಳೆಯಬೇಡಿ. ಈ ಲಸಿಕೆ ಇನ್ನೂ ಪ್ರಯೋಗದಲ್ಲಿದೆ. ಅದನ್ನು ಮಾರುತ್ತೇವೆಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ. ವೈದ್ಯರು ಏನೆಂದರು ಎಂದು ನನಗೆ ಬರೆಯಿರಿ.