ಪ್ರತಿ: ಜೆರುಸಲೇಮಿನ ಹೆಂಡತಿ, ರಮಲ್ಲಾದ ಗಂಡ ಒಂದೇ ಮನೆಯಲ್ಲಿರಲು ಏಕೆ ಇಷ್ಟು ಕಷ್ಟ?

ಪೂರ್ವ ಜೆರುಸಲೇಮಿನ ಪ್ಯಾಲೆಸ್ಟೀನಿ ಹೆಣ್ಣುಮಗಳು ಪಶ್ಚಿಮ ದಂಡೆಯ ಊರಾದ ರಮಲ್ಲಾದ ಗಂಡನನ್ನು ತನ್ನ ಮನೆಗೇ ಕರೆತರಲು ಏಕಾಗದು ಎಂದು ಕೇಳಿದ್ದೀರಿ. ಅಡ್ಡ ನಿಂತಿರುವುದು ಪಶ್ಚಿಮ ದಂಡೆಯ ಸಂಗಾತಿಗೆ ಪೌರತ್ವ, ನಿವಾಸದ ಹಕ್ಕು ಸಿಗದಂತೆ ತಡೆಯುವ 2003ರ ಇಸ್ರೇಲಿ ಕಾನೂನು. ಎರಡನೇ ಇಂತಿಫಾದದ (2000ರಲ್ಲಿ ಶುರುವಾದ ಪ್ಯಾಲೆಸ್ಟೀನಿ ದಂಗೆ) ಆತ್ಮಹತ್ಯಾ ದಾಳಿಗಳ ಕಾಲದಲ್ಲಿ 'ತಾತ್ಕಾಲಿಕ' ಎಂದು ತಂದದ್ದು. 2021ರ ಜುಲೈಯಲ್ಲಿ ಅದನ್ನು ಮುಂದುವರಿಸುವ ಪ್ರಸ್ತಾಪ ಸಂಸತ್ತಿನಲ್ಲಿ 59–59 ಮತಗಳಾಗಿ ಬಿದ್ದುಹೋಯಿತು, 2022ರ ಮಾರ್ಚ್‌ನಲ್ಲಿ ಕಾನೂನು ಮತ್ತೆ ಬಂತು.

ಒಟ್ಟಿಗಿರಲು ಅನುಮತಿ ಕೇಳುವುದಾದರೆ ಮೊದಲು ವಯಸ್ಸು ನೋಡಿ. ಪಶ್ಚಿಮ ದಂಡೆಯ ಗಂಡನಿಗೆ 35, ಹೆಂಡತಿಯಾದರೆ 25 ದಾಟಿರಬೇಕು. ಆಮೇಲೂ ಸಿಗುವುದು ಪೌರತ್ವವಲ್ಲ, ಮತ್ತೆ ಮತ್ತೆ ನವೀಕರಿಸಬೇಕಾದ ಪರ್ಮಿಟ್. ಹತ್ತಿರದ ಬಂಧುವಿನ ಮೇಲೆ ಭದ್ರತಾ ಸಂಶಯವಿದ್ದರೂ ಅದು ತಪ್ಪಬಹುದು. ತಾನು ಮಾಡದ ತಪ್ಪಿಗೆ ಸಂಸಾರ ಒಡೆಯುವುದು ನನ್ನ ದೃಷ್ಟಿಯಲ್ಲಿ ಘೋರ ಅನ್ಯಾಯ.

ಹೆಚ್ಚಿನವರು ಎಡವುವುದು 'ಬದುಕಿನ ಕೇಂದ್ರ' ಜೆರುಸಲೇಮ್, ಅಂದರೆ ನಿಜಕ್ಕೂ ಬಾಳುತ್ತಿರುವುದು ಅಲ್ಲೇ, ಎಂದು ತೋರಿಸುವಲ್ಲಿ. ಬಾಡಿಗೆ ಕರಾರು, ಅರ್ನೋನಾ ಎಂಬ ನಗರಸಭೆ ತೆರಿಗೆಯ ರಸೀದಿ, ನೀರು-ಕರೆಂಟ್ ಬಿಲ್ಲು, ಮಕ್ಕಳ ಶಾಲೆಯ ಪತ್ರ, ಎಲ್ಲವೂ ಬೇಕು. ಕೂಡುಕುಟುಂಬದಲ್ಲಿ ಬಿಲ್ಲು ಅಪ್ಪನ ಹೆಸರಿನಲ್ಲಿದ್ದರೆ ಅಲ್ಲೇ ತೊಡಕು. ಬೇಸತ್ತು ಅವಳೇ ರಮಲ್ಲಾಕ್ಕೆ ಹೋದರೆ ಜೆರುಸಲೇಮಿನಲ್ಲಿ ಅವಳ ಕಾಯಂ ನಿವಾಸದ ಹಕ್ಕೇ ಹೋಗಬಹುದು.

ಅದಕ್ಕೇ ಇಂಥ ಎಷ್ಟೋ ಜೋಡಿಗಳು ಕಫ್ರ್ ಅಕಬ್‌ನಲ್ಲಿ ನೆಲೆಸುತ್ತವೆ. ಅದು ಜೆರುಸಲೇಮ್ ನಗರಸಭೆಯ ಗಡಿಯೊಳಗೆ, ಆದರೆ ಇಸ್ರೇಲ್ ಕಟ್ಟಿದ ತಡೆಗೋಡೆಯ ಆಚೆ, ರಮಲ್ಲಾದ ಕಡೆಗೆ. ಗಂಡ ಪರ್ಮಿಟ್ ಇಲ್ಲದೆ ಬರಬಹುದು. ಹೆಂಡತಿಯ ಹಕ್ಕೂ ಉಳಿಯುತ್ತದೆ. ಕೆಲಸಕ್ಕೆ, ಆಸ್ಪತ್ರೆಗೆ ಹೋಗಲು ಮಾತ್ರ ಕಲಂದಿಯಾ ತಪಾಸಣಾ ಠಾಣೆ ದಾಟಬೇಕು.

ಪಶ್ಚಿಮ ದಂಡೆಯಲ್ಲಿ ನೋಂದಣಿಯಾದ ಮಗುವಿದ್ದರೆ 14 ತುಂಬುವ ಮೊದಲೇ ಜೆರುಸಲೇಮಿನ ನಿವಾಸದ ಹಕ್ಕಿಗೆ ಅರ್ಜಿ ಹಾಕಬೇಕು. ಆ ವಯಸ್ಸು ದಾಟಿದರೆ ಮಗುವಿಗೂ ಪರ್ಮಿಟ್ಟೇ ಗತಿ.